ಕಾರಿನ ಲೀಸು ಮನೆಯ ಲೀಸಲ್ಲ

ಹಾಸನದಲ್ಲಿ ಮನೆ ಲೀಸಿಗೆ ಹಾಕಿಕೊಂಡವರಿಗೆ ಅದರ ಲೆಕ್ಕ ಬಾಯಿಪಾಠ. ಐದೋ ಆರೋ ಲಕ್ಷ ಮಾಲೀಕರ ಕೈಗಿಡುವುದು, ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಕೊಟ್ಟಷ್ಟನ್ನೂ ಎಣಿಸಿಕೊಂಡು ಹೋಗುವುದು. ಹಳಬರು ಭೋಗ್ಯ ಎನ್ನುತ್ತಿದ್ದದ್ದು ಇದನ್ನೇ. ಹಾಗಾಗಿ ಬೇಲೂರಿನಲ್ಲಿರುವ ನನ್ನ ತಂಗಿ ಫೋನ್ ಮಾಡಿ, "ಅಕ್ಕಾ, ಈಗ ಕಾರೂ ಲೀಸಿಗೆ ಸಿಗುತ್ತಂತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಕ್ಕಿಂತ ಅದೇ ವಾಸಿ ಅಲ್ವಾ? ದುಡ್ಡು ವಾಪಸ್ ಬರುತ್ತಲ್ಲ" ಎಂದಾಗ ಆ ಮಾತು ಎಲ್ಲಿಂದ ಬಂತು ಎಂದು ನನಗೆ ತಕ್ಷಣ ಗೊತ್ತಾಯಿತು. ಅದೇ ವಾರ ಚಿಕ್ಕಮಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ತಮ್ಮನೂ ಇದೇ ಪ್ರಶ್ನೆ ಕೇಳಿದ್ದ. ಇಬ್ಬರಿಗೂ ಬೇಕಿದ್ದದ್ದು ಮನೆಮಂದಿ ಕೂತು ಹೋಗುವಂಥ ಒಂದು ಕಾರು. ಆದರೆ ಕಾಗದ ಪೆನ್ನು ಹಿಡಿದು ಕೂತ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಂತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ಒಂದು ಪದದ ಗೊಂದಲ ತೀರಬೇಕು. ಮನೆಯ ಲೀಸಿನಲ್ಲಿ ದುಡ್ಡು ಯಾಕೆ ವಾಪಸ್ ಬರುತ್ತದೆ? ಮೂರು ವರ್ಷ ನೀವು ಇದ್ದರೂ ಮನೆಯ ಬೆಲೆ ಇಳಿಯುವುದಿಲ್ಲ, ನಿಮ್ಮ ದುಡ್ಡನ್ನು ಮಾಲೀಕರು ಬಡ್ಡಿಗೋ ವ್ಯವಹಾರಕ್ಕೋ ಹಾಕಿ ದುಡಿಸಿಕೊಂಡಿರುತ್ತಾರೆ. ಆ ಬಡ್ಡಿಯೇ ನೀವು ಕೊಟ್ಟ ಬಾಡಿಗೆ. ಕಾರು ಹಾಗಲ್ಲ. ಶೆಡ್ಡಿನಲ್ಲಿ ನಿಂತಿದ್ದರೂ ಅದರ ಬೆಲೆ ಕರಗುತ್ತಲೇ ಇರುತ್ತದೆ. ವಿಮಾ ಕಂಪನಿಗಳು ಕಾರಿಗೆ ಬೆಲೆ ಕಟ್ಟುವಾಗ ಬಳಸುವ ಸವಕಳಿಯ ಪಟ್ಟಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಆರು ತಿಂಗಳೊಳಗೆ ಶೇ. 5, ವರ್ಷ ತುಂಬುವುದರೊಳಗೆ ಶೇ. 15, ಎರಡು ವರ್ಷಕ್ಕೆ ಶೇ. 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ ಸರಿಯಾಗಿ ಅರ್ಧ. ಪೇಟೆಯಲ್ಲಿ ಸಿಗುವ ಬೆಲೆ ಮಾಡೆಲ್ ನೋಡಿಕೊಂಡು ಮೇಲೆ ಕೆಳಗೆ ಆಗುತ್ತದೆ. ಇಳಿಜಾರು ಮಾತ್ರ ಇಂಥದ್ದೇ.

ಈ ಕರಗುವ ಬೆಲೆಯನ್ನು ಯಾರಾದರೂ ತುಂಬಲೇಬೇಕು. ಕೊಂಡರೆ ಅದನ್ನು ನೀವೇ ತುಂಬುತ್ತೀರಿ. ಎಷ್ಟು ಎನ್ನುವುದು ಮಾರುವ ದಿನ ಗೊತ್ತಾಗುತ್ತದೆ. ಲೀಸಿಗೆ ತೆಗೆದುಕೊಂಡರೂ ತುಂಬುವವರು ನೀವೇ, ಆದರೆ ಅದು ತಿಂಗಳ ಬಾಡಿಗೆಯೊಳಗೆ ಮೊದಲೇ ಸೇರಿರುತ್ತದೆ. ಅದರ ಮೇಲೆ ಕಂಪನಿಯ ಬಡ್ಡಿ, ಲಾಭ ಮತ್ತು ಜಿಎಸ್‌ಟಿಯೂ ಕೂತಿರುತ್ತವೆ. ಕೊನೆಗೆ ನಿಮ್ಮ ಕೈಗೆ ವಾಪಸ್ ಬರುವುದು ಮುಂಗಡವಾಗಿ ಕೊಟ್ಟ ಡೆಪಾಸಿಟ್ ಮಾತ್ರ, ಅದೂ ಗಾಡಿಯ ಗಾಯಗಳ ಲೆಕ್ಕ ಕಳೆದ ಮೇಲೆ. ನಮ್ಮ ಕಡೆಯವರಿಗೆ ಹೋಲಿಕೆ ಬೇಕಿದ್ದರೆ ಭೋಗ್ಯದ ಮನೆ ಬಿಟ್ಟು ತೋಟದ ಗುತ್ತಿಗೆ ನೆನಪಿಸಿಕೊಳ್ಳಬೇಕು. ಫಸಲಿಗೆ ದುಡ್ಡು ಕೊಟ್ಟಿರುತ್ತೀರಿ, ಫಸಲು ಕೊಯ್ದುಕೊಳ್ಳುತ್ತೀರಿ, ತೋಟ ತೋಟದವರದ್ದು.

ಲೀಸ್ ಅಥವಾ ಸಬ್‌ಸ್ಕ್ರಿಪ್ಷನ್ ಎಂದು ಕಂಪನಿಗಳು ಕೊಡುವುದು ಹೀಗಿರುತ್ತದೆ. ಕಾರಿಗೆ ಬಂಡವಾಳ ಹಾಕುವುದು ಲೀಸಿಂಗ್ ಕಂಪನಿ. ನೀವು ಒಂದರಿಂದ ನಾಲ್ಕು ವರ್ಷದೊಳಗೆ ಒಂದು ಅವಧಿ ಆರಿಸಿಕೊಂಡು ತಿಂಗಳು ತಿಂಗಳು ನಿಗದಿಯಾದ ಬಾಡಿಗೆ ಕಟ್ಟುತ್ತೀರಿ. ರಸ್ತೆ ತೆರಿಗೆ, ವಿಮೆ, ವೇಳಾಪಟ್ಟಿಯ ಸರ್ವಿಸ್ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ಪೆಟ್ರೋಲ್, ಟೋಲ್, ದಂಡ ನಿಮ್ಮದು. ಅವಧಿ ಮುಗಿದಾಗ ವಾಪಸ್ ಕೊಡಬಹುದು ಅಥವಾ ಮುಂದುವರಿಸಬಹುದು. ಕೆಲವು ಯೋಜನೆಗಳಲ್ಲಿ ಅದೇ ಗಾಡಿಯನ್ನು ಕೊಂಡುಕೊಳ್ಳಲೂಬಹುದು. ಮಾರುತಿ ಸುಜುಕಿ 2020ರಲ್ಲಿ ಇಂಥ ಯೋಜನೆಯನ್ನು ಗುರುಗ್ರಾಮ ಮತ್ತು ಬೆಂಗಳೂರಿನಲ್ಲಿ ಮೊದಲು ಶುರು ಮಾಡಿತು, ಬೇರೆ ಕಂಪನಿಗಳಲ್ಲೂ ಇದೇ ಬಗೆಯವು ಇವೆ. ದೊಡ್ಡ ನಗರಕ್ಕೆಂದು ಹುಟ್ಟಿದ ವ್ಯವಸ್ಥೆ ಇದು. ಹಾಸನ ಚಿಕ್ಕಮಗಳೂರಿನವರು ಬಾಡಿಗೆ ಎಷ್ಟು ಎಂದು ಕೇಳುವುದಕ್ಕಿಂತ ಮೊದಲು, ನಮ್ಮ ಊರಿನ ವಿಳಾಸಕ್ಕೆ ಗಾಡಿ ಕೊಡುತ್ತೀರಾ, ಕೊಟ್ಟಿಗೆಹಾರದಲ್ಲಿ ಕೆಟ್ಟು ನಿಂತರೆ ಯಾರು ಬರುತ್ತಾರೆ, ಬದಲಿ ಗಾಡಿ ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಕೇಳಬೇಕು. ಇದಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ ಬಾಡಿಗೆ ಕೇಳುವ ಅಗತ್ಯವೇ ಇಲ್ಲ.

ನಂಬರ್ ಪ್ಲೇಟಿನ ಬಣ್ಣವನ್ನೂ ಕೇಳಿ. ಕೆಲವು ಯೋಜನೆಗಳಲ್ಲಿ ಗಾಡಿ ನಿಮ್ಮ ಹೆಸರಿನಲ್ಲೇ ವೈಟ್ ಬೋರ್ಡ್ ಆಗಿ ನೋಂದಣಿಯಾಗಿ, ಆರ್‌ಸಿಯಲ್ಲಿ ಕಂಪನಿಯ ಎಚ್‌ಪಿ, ಅಂದರೆ ಗಾಡಿಯ ಮೇಲೆ ಅವರ ಸಾಲದ ಹಕ್ಕಿದೆ ಎಂಬ ನಮೂದು, ಇರುತ್ತದೆ. ಇನ್ನು ಕೆಲವದರಲ್ಲಿ ಕಂಪನಿಯ ಹೆಸರಿನಲ್ಲಿ, ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ನಂಬರಿನಲ್ಲಿ ಬರುತ್ತದೆ. ಇವೆರಡೂ ಕಾನೂನಿಗೆ ಒಪ್ಪಿತ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 2(30)ರ ಪ್ರಕಾರ, ಲೀಸ್ ಕರಾರಿನ ಮೇಲೆ ಗಾಡಿ ಯಾರ ಸ್ವಾಧೀನದಲ್ಲಿದೆಯೋ ಅವರೇ ಆ ಕಾಯ್ದೆಯ ಮಟ್ಟಿಗೆ ಮಾಲೀಕರು. ಗಾಡಿ ಕಂಪನಿಯದು, ನನಗೇನು ಎಂದು ವಿಮೆಯ ವಿಷಯದಲ್ಲಿ ಕಣ್ಣುಮುಚ್ಚಿ ಕೂರುವಂತಿಲ್ಲ. ಪಾಲಿಸಿಯ ಪ್ರತಿ ಕೈಯಲ್ಲಿರಲೇಬೇಕು.

ಸ್ಟಾಂಪ್ ಪೇಪರಿನ ಲೀಸು

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಕಾರು ಲೀಸ್ ಎಂದಾಗ ಹೆಚ್ಚಾಗಿ ಕಿವಿಗೆ ಬೀಳುವುದು ಕಂಪನಿಯ ಯೋಜನೆಯಲ್ಲ. "ಎರಡೂವರೆ ಲಕ್ಷ ಕೊಡಿ, ಎರಡು ವರ್ಷ ಓಡಿಸಿ, ಗಾಡಿ ಕೊಟ್ಟು ದುಡ್ಡು ತಗೊಂಡು ಹೋಗಿ" ಎನ್ನುವ ಒಪ್ಪಂದ. ಥೇಟ್ ಮನೆಯ ಭೋಗ್ಯದ ಹಾಗೆ. ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಕರಾರು, ಇಬ್ಬರು ಸಾಕ್ಷಿ, ಗಾಡಿ ವೈಟ್ ಬೋರ್ಡ್. ಕೇಳಲು ಎಷ್ಟು ಚಂದ. ಆದರೆ ಮೇಲೆ ಹೇಳಿದ ಸವಕಳಿಯನ್ನು ನೆನೆದರೆ ಯಾರಿಗಾದರೂ ಅನುಮಾನ ಬರಬೇಕು. ಎರಡು ವರ್ಷದಲ್ಲಿ ಗಾಡಿಯ ಬೆಲೆ ಲಕ್ಷ ಇಳಿಯುತ್ತದೆ, ಮಾಲೀಕ ಅಷ್ಟೂ ನಷ್ಟ ತಾನೇ ನುಂಗಿ ನಿಮ್ಮ ಪೂರ್ತಿ ದುಡ್ಡು ವಾಪಸ್ ಕೊಡುವುದು ಏಕೆ? ಒಂದೋ ಅವರಿಗೆ ತುರ್ತಾಗಿ ದುಡ್ಡು ಬೇಕು, ಬ್ಯಾಂಕಿನಲ್ಲಿ ಹುಟ್ಟುತ್ತಿಲ್ಲ. ಇಲ್ಲವೇ ಆ ಗಾಡಿಯ ಕಂತು ಬಾಕಿ ಇದೆ.

ಸ್ವಂತ ಬಳಕೆಗೆ ನೋಂದಣಿಯಾದ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಬಿಡುವಂತಿಲ್ಲ. ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲೂ ಬಾಡಿಗೆ ಅಥವಾ ಪ್ರತಿಫಲಕ್ಕೆ ಬಳಸಬಾರದು ಎಂಬ ಷರತ್ತು ಅಚ್ಚಾಗಿರುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಏನಾದರೂ ಆದರೆ ವಿಮಾ ಕಂಪನಿ ಮೊದಲು ಎತ್ತುವುದು ಆ ಷರತ್ತನ್ನೇ. ಮಾಲೀಕರು ಕಂತು ತಪ್ಪಿಸಿದರೆ ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋಗುವುದು ನಿಮ್ಮ ಅಂಗಳದಿಂದ, ಆಗ ನಿಮ್ಮ ಕೈಯಲ್ಲಿ ಉಳಿಯುವುದು ಆ ಛಾಪಾ ಕಾಗದ ಮಾತ್ರ. ಗಾಡಿ ಕೊಡುವವರಿಗೂ ಇದು ಕ್ಷೇಮವಲ್ಲ. ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ತಂಗಿಯ ಭಾವನವರಿಗೆ ಪರಿಚಯದವರೊಬ್ಬರು ಇಂಥದ್ದೇ ಒಂದು ಗಾಡಿ ತೋರಿಸಿದ್ದರು. ಬೇಡವೇ ಬೇಡ ಎಂದು ನಾನು ಹಟ ಹಿಡಿದೆ. ಕಡಿಮೆ ದುಡ್ಡಿಗೆ ಸಿಗುತ್ತದೆಂದು ಮನೆಮಕ್ಕಳನ್ನು ವಿಮೆಯಿಲ್ಲದ ಗಾಡಿಯಲ್ಲಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ನಾಲ್ಕು ವರ್ಷದ ಲೆಕ್ಕ

ಈಗ ದುಡ್ಡಿಗೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾನು ಇಟ್ಟುಕೊಂಡ ಉದಾಹರಣೆ, ನಿಮಗೆ ಸಿಕ್ಕ ಕೊಟೇಷನ್ ಹಾಕಿ ಬದಲಿಸಿಕೊಳ್ಳಿ.

ನಾಲ್ಕು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು, ಬೆಲೆ 5 ಲಕ್ಷ ಎಂದಿಟ್ಟುಕೊಳ್ಳಿ. ಕೈಯಿಂದ 2 ಲಕ್ಷ, ಉಳಿದ 3 ಲಕ್ಷ ಸಾಲ. ಸೆಕೆಂಡ್ ಹ್ಯಾಂಡ್ ಗಾಡಿಗೆ ಸಾಲದ ಬಡ್ಡಿ ಹೊಸ ಗಾಡಿಗಿಂತ ಹೆಚ್ಚೇ ಇರುತ್ತದೆ, ಶೇ. 13 ಹಿಡಿಯೋಣ. ಮೂರು ವರ್ಷಕ್ಕೆ ತಿಂಗಳ ಕಂತು ಸುಮಾರು 10,100 ರೂಪಾಯಿ, ಒಟ್ಟು ಬಡ್ಡಿ ಸುಮಾರು 64,000. ಹೆಸರು ವರ್ಗಾವಣೆ, ಬಂದ ಕೂಡಲೇ ಮಾಡಿಸುವ ಆಯಿಲ್, ಬ್ರೇಕ್, ಬ್ಯಾಟರಿ ಇತ್ಯಾದಿಗೆ 30,000. ವಿಮೆ ವರ್ಷಕ್ಕೆ 12,000. ರಿಪೇರಿ, ಸರ್ವಿಸ್, ಟೈರು ಸೇರಿ ವರ್ಷಕ್ಕೆ 25,000. ನಾಲ್ಕು ವರ್ಷ ಓಡಿಸಿ 2.75 ಲಕ್ಷಕ್ಕೆ ಮಾರುತ್ತೀರಿ. ಖರ್ಚೆಲ್ಲ ಕೂಡಿ, ಮಾರಿ ಬಂದದ್ದು ಕಳೆದರೆ 4,67,000. ಕೈಯಿಂದ ಹಾಕಿದ 2 ಲಕ್ಷ ಠೇವಣಿಯಲ್ಲಿ ಇದ್ದಿದ್ದರೆ ಬರುತ್ತಿದ್ದ ಬಡ್ಡಿಯೂ ಖರ್ಚೇ, ಜನ ಇದನ್ನು ಮರೆಯುತ್ತಾರೆ. ಶೇ. 7ರ ಹಾಗೆ ನಾಲ್ಕು ವರ್ಷಕ್ಕೆ 56,000. ಅಲ್ಲಿಗೆ 5,23,000. ತಿಂಗಳಿಗೆ ಹಂಚಿದರೆ 10,900 ರೂಪಾಯಿ.

ಲೀಸಿನ ಹೊಸ ಸಣ್ಣ ಕಾರಿಗೆ ಎಲ್ಲ ಸೇರಿ ತಿಂಗಳಿಗೆ 17,000 ಎಂದಿಟ್ಟುಕೊಂಡರೆ ನಾಲ್ಕು ವರ್ಷಕ್ಕೆ 8,16,000. ವ್ಯತ್ಯಾಸ ಸುಮಾರು 2.93 ಲಕ್ಷ. ಆ ದುಡ್ಡಿಗೆ ಸಿಗುವುದು ಹೊಸ ಗಾಡಿಯ ನೆಮ್ಮದಿ, ರಿಪೇರಿಯ ತಲೆನೋವಿಲ್ಲದಿರುವುದು, ಮಾರುವ ಉಸಾಬರಿ ಇಲ್ಲದಿರುವುದು. ಇದು ಸುಳ್ಳು ನೆಮ್ಮದಿಯಲ್ಲ, ಕೆಲವರಿಗೆ ನಿಜಕ್ಕೂ ಬೇಕಾದದ್ದೇ. ಆದರೆ ಬೆಲೆ ಅಷ್ಟು ಎಂದು ತಿಳಿದು ಕೊಡಬೇಕು.

ಇದೇ ಲೆಕ್ಕವನ್ನು ಒಂದೇ ವರ್ಷಕ್ಕೆ ಮಾಡಿ ನೋಡಿ, ಚಿತ್ರ ತಿರುಗುತ್ತದೆ. ಅದೇ 5 ಲಕ್ಷದ ಗಾಡಿ ವರ್ಷ ತುಂಬುತ್ತಿದ್ದಂತೆ 4.25 ಲಕ್ಷಕ್ಕೆ ಹೋಯಿತು ಅಂದುಕೊಳ್ಳಿ. ಇಳಿದದ್ದು 75,000, ಮೊದಲ ಖರ್ಚು 30,000, ವಿಮೆ 12,000, ರಿಪೇರಿ 25,000, ಮೊದಲ ವರ್ಷದ ಬಡ್ಡಿ 34,000, ಸಾಲ ಮುಂಚಿತವಾಗಿ ತೀರಿಸಿದ್ದಕ್ಕೆ ದಂಡ ಎಂಟೊಂಬತ್ತು ಸಾವಿರ, ಠೇವಣಿಯ ಬಡ್ಡಿ 14,000. ತಿಂಗಳಿಗೆ 16,500 ಆಯಿತು. ಅಂದರೆ ಲೀಸಿನ ಹತ್ತಿರಕ್ಕೆ ಬಂತು. ಹೀಗಾಗುವುದು ಏಕೆಂದರೆ ಕೊಳ್ಳುವಾಗಿನ ಮತ್ತು ಮಾರುವಾಗಿನ ಖರ್ಚು ಒಂದೇ ಸಲದ್ದು. ನಾಲ್ಕು ವರ್ಷಕ್ಕೆ ಹರಡಿದರೆ ತೆಳ್ಳಗಾಗುತ್ತದೆ, ಒಂದೇ ವರ್ಷಕ್ಕೆ ಬಿದ್ದರೆ ಭಾರ. ಸಾಲದ ಬಡ್ಡಿಯೂ ಹಾಗೇ, ಮೊದಲ ವರ್ಷದ ಕಂತುಗಳಲ್ಲೇ ಹೆಚ್ಚಿನ ಪಾಲು ತೀರಿಹೋಗುತ್ತದೆ. ಲೀಸಿನಲ್ಲೂ ಅವಧಿ ಕಡಿಮೆಯಾದಷ್ಟು ತಿಂಗಳ ಬಾಡಿಗೆ ಏರುತ್ತದೆ ಎನ್ನುವುದನ್ನು ಮರೆಯಬೇಡಿ. ಆದರೂ "ಗಾಡಿ ನನ್ನ ಹತ್ತಿರ ಎಷ್ಟು ವರ್ಷ ಇರುತ್ತದೆ?" ಎಂಬುದೇ ಮೊದಲ ಪ್ರಶ್ನೆ ಎಂದು ನಾನು ಹೇಳುವುದು ಇದಕ್ಕೇ. ಮೂರು ವರ್ಷ ದಾಟುವುದಾದರೆ ಕೊಳ್ಳುವುದರ ಕಡೆಗೆ ತಕ್ಕಡಿ ಗಟ್ಟಿಯಾಗಿ ಬಾಗುತ್ತದೆ. ಒಂದೂವರೆ ಎರಡು ವರ್ಷದೊಳಗೆ ಊರು ಬಿಡುವವರು ಲೀಸನ್ನು ಸುಮ್ಮನೆ ತಳ್ಳಿಹಾಕಬಾರದು.

ಹಳೇ ಗಾಡಿಯ ಬೆಲೆ ಸರಿಯಿದೆಯೇ ಎಂದು ತಿಳಿಯಲು ಅದೇ ಮಾಡೆಲಿನ ಹೊಸದರ ಇವತ್ತಿನ ಆನ್‌ರೋಡ್ ಬೆಲೆ ಕೈಯಲ್ಲಿರಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಹೊಸ ಗಾಡಿಯ ಬೆಲೆಯೇ ಕೆಳಗೆ ಬಂದಿದೆ. ಹಳೆಯ ಬೆಲೆಯ ನೆನಪಿನಲ್ಲೇ ಮಾರುವವರು ಇನ್ನೂ ಇದ್ದಾರೆ. "ನಾನು ತಗೊಂಡಾಗ ಇಷ್ಟಿತ್ತು" ಎಂಬ ಮಾತಿಗೆ ಇವತ್ತು ಬೆಲೆಯಿಲ್ಲ.

ನಮ್ಮ ರಸ್ತೆ, ನಮ್ಮ ಆದಾಯ

ಬೆಂಗಳೂರಿನಲ್ಲಿ ಕೂತು ಬರೆದ ಲೆಕ್ಕ ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ಕಿಲೋಮೀಟರು. ಲೀಸ್ ಕರಾರಿನಲ್ಲಿ ವರ್ಷಕ್ಕೆ ಇಷ್ಟು ಕಿ.ಮೀ. ಎಂಬ ಮಿತಿ ಇರುತ್ತದೆ, ಮೀರಿದರೆ ಪ್ರತಿ ಕಿ.ಮೀ.ಗೆ ಇಷ್ಟು ಎಂದು ಕೊಡಬೇಕು. ಹಾಸನದಲ್ಲಿ ಮನೆ, ಸಕಲೇಶಪುರದಲ್ಲಿ ಕೆಲಸ ಇರುವವರನ್ನು ನೋಡಿ. ಹೋಗಿ ಬರಲು 80 ಕಿ.ಮೀ., ವರ್ಷಕ್ಕೆ 250 ದಿನ ಎಂದರೆ ಅಲ್ಲಿಗೇ 20,000. ಕರಾರಿನ ಮಿತಿ 12,000 ಇದ್ದು, ಹೆಚ್ಚುವರಿಗೆ ಕಿ.ಮೀ.ಗೆ 8 ರೂಪಾಯಿ ಎಂದಿದ್ದರೆ ವರ್ಷಕ್ಕೆ 64,000 ಬೇರೆ ತೆರಬೇಕು. ತಿಂಗಳ ಬಾಡಿಗೆ ನೋಡಿ ಸಂತೋಷಪಟ್ಟವರಿಗೆ ಇದು ಕೊನೆಯಲ್ಲಿ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡದು ತೋಟದ ದಾರಿ. ಮುಖ್ಯರಸ್ತೆ ಬಿಟ್ಟು ಒಳಗೆ ಹೊಕ್ಕರೆ ಎರಡೂ ಕಡೆ ಲಂಟಾನ, ಬಿದಿರು, ಮಧ್ಯೆ ಮಳೆಗೆ ಕೊರೆದ ಚಕ್ರದ ಜಾಡು, ನಡುವೆ ಉಬ್ಬಿ ನಿಂತ ಕಲ್ಲು. ಬಾಗಿಲಿನ ಉದ್ದಕ್ಕೂ ಗೀರು ಬೀಳುವುದು, ಅಡಿಗೆ ಕಲ್ಲು ತಾಗುವುದು ಮಲೆನಾಡಿನಲ್ಲಿ ದಿನದ ಮಾತು. ಸ್ವಂತದ ಗಾಡಿಯಾದರೆ ಒರೆಸಿ ಸುಮ್ಮನಾಗುತ್ತೇವೆ. ಲೀಸಿನ ಗಾಡಿ ವಾಪಸ್ ಕೊಡುವಾಗ ಕಂಪನಿಯವರು ಸುತ್ತ ನಡೆದು ಒಂದೊಂದು ಗೀರಿಗೂ ಗುರುತು ಹಾಕುತ್ತಾರೆ. ಸಹಜ ಸವೆತ ಎಂದರೆ ಯಾವುದು, ಹಾನಿ ಎಂದರೆ ಯಾವುದು ಎಂಬುದು ಕರಾರಿನಲ್ಲಿ ಬರೆದಿರುತ್ತದೆ, ಸಹಿ ಹಾಕುವ ಮುಂಚೆ ಓದಬೇಕಾದ ಪುಟವೇ ಅದು. ಗಾಡಿ ತೆಗೆದುಕೊಂಡ ದಿನ ನಾಲ್ಕೂ ಕಡೆ, ಅಡಿಯಲ್ಲೂ ವಿಡಿಯೋ ಮಾಡಿಟ್ಟುಕೊಳ್ಳಿ.

ಎರಡನೆಯದು ನಮ್ಮ ದುಡ್ಡು ಬರುವ ರೀತಿ. ಲೀಸಿಗೂ ಸಾಲಕ್ಕೂ ತಿಂಗಳು ತಿಂಗಳು ಕಟ್ಟಬೇಕು. ಕಾಫಿ ತಿಂಗಳು ತಿಂಗಳು ಬರುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಅದರ ಹಿಂದೆ ಮಾರ್ಚ್‌ವರೆಗೆ. ಒಣಗಿಸಿ, ಮಾರಿ, ದುಡ್ಡು ಕೈಗೆ ಬರುವುದು ವರ್ಷಕ್ಕೊಮ್ಮೆ. ಮಳೆಗಾಲದಲ್ಲಿ ಗೊಬ್ಬರ, ಆಳಿನ ಕೂಲಿ ಎಂದು ಹೋಗುವುದೇ ಹೊರತು ಬರುವುದಿಲ್ಲ. ಆಗ ಒಂದು ತಿಂಗಳ ಬಾಡಿಗೆ ತಪ್ಪಿದರೂ ಕರಾರಿನ ದಂಡದ ಕಲಂ ಎದ್ದು ಕೂರುತ್ತದೆ. ಇಂಥ ಮನೆಗಳಿಗೆ ಕಾಫಿ ಮಾರಿದ ಕೂಡಲೇ ದೊಡ್ಡ ಪಾಲು ನಗದು ಕೊಟ್ಟು, ಸಣ್ಣ ಸಾಲ ಮಾಡಿ ಹಳೇ ಗಾಡಿ ಕೊಳ್ಳುವುದೇ ಒಗ್ಗುತ್ತದೆ. ಮುಂದಿನ ಫಸಲಿನಲ್ಲಿ ಸಾಲ ಪೂರ್ತಿ ತೀರಿಸುವ ಯೋಚನೆಯಿದ್ದರೆ, ಮುಂಚಿತ ಪಾವತಿಗೆ ದಂಡ ಎಷ್ಟು ಎಂದು ಬ್ಯಾಂಕಿನಲ್ಲಿ ಬರವಣಿಗೆಯಲ್ಲೇ ಕೇಳಿ. ಸ್ಥಿರ ಬಡ್ಡಿಯ ಸಾಲದಲ್ಲಿ ಇದು ಮುಖ್ಯ.

ಹಳೇ ಗಾಡಿ ನೋಡಲು ಹೊರಟರೆ, ನಂಬಿಕೆಯ ಮೆಕ್ಯಾನಿಕ್ ಒಬ್ಬರಿಗೆ ಅರ್ಧ ದಿನದ ದುಡಿಮೆ ಕೊಟ್ಟು ಕರೆದುಕೊಂಡು ಹೋಗಿ. ಆ ಖರ್ಚು ಎಂದೂ ನಷ್ಟವಲ್ಲ. ಬಯಲುಸೀಮೆಯ ಗಾಡಿಗೂ ಮಲೆನಾಡಿನ ಗಾಡಿಗೂ ಸವೆತ ಬೇರೆ ಬೇರೆ. ಘಟ್ಟ ಹತ್ತಿಳಿದ ಗಾಡಿಯಲ್ಲಿ ಕ್ಲಚ್ ಮತ್ತು ಬ್ರೇಕು ಮೊದಲು ಸೋಲುತ್ತವೆ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗಿ, ಗಾಡಿ ಮಾತ್ರ ಹಿಂದೆ ಉಳಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಟೆಸ್ಟ್ ಡ್ರೈವಿಗೆ ಹಾಸನದ ಬಿ.ಎಂ. ರಸ್ತೆಯ ಸಮತಟ್ಟು ಸಾಲದು, ಒಂದು ಏರು ಹುಡುಕಿಕೊಂಡು ಹೋಗಬೇಕು. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಸ್ಟೀರಿಂಗ್ ನಡುಗುತ್ತದೆಯೇ, ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ಗಮನಿಸಿ. ಹೊಂಡದ ರಸ್ತೆಯಲ್ಲಿ ರೇಡಿಯೋ ಆರಿಸಿ ಸಸ್ಪೆನ್ಷನ್ ಸದ್ದು ಕೇಳಿ.

ಮಳೆ ತಿಂದ ಗಾಡಿಯ ಗುಟ್ಟು ಅಡಿಯಲ್ಲಿರುತ್ತದೆ. ರ‍್ಯಾಂಪಿಗೆ ಏರಿಸದೆ ಕೊಳ್ಳಬೇಡಿ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅದರ ಕೆಳಗೆ ತುಕ್ಕು ಇರಬಹುದು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಲಿ. 2018 ಮತ್ತು 2019ರ ಆಗಸ್ಟಿನಲ್ಲಿ ನೆರೆ ಬಂದಾಗ ಎಷ್ಟೋ ಗಾಡಿಗಳು ನೀರಿನಲ್ಲಿ ನಿಂತವು, ಅವುಗಳಲ್ಲಿ ಕೆಲವು ತೊಳೆದು ಒರೆಸಿ ಮತ್ತೆ ಮಾರಾಟಕ್ಕೆ ಬಂದಿರಲೂಬಹುದು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ, ಸೀಟಿನ ಕೆಳಗಿನ ಬೋಲ್ಟ್ ನೋಡಿ, ಮುಗ್ಗಲು ವಾಸನೆ ಹಿಡಿಯಿರಿ. ಬಾನೆಟ್ ಕೆಳಗೆ ಎಲೆ ಕೊಳೆತು ನೀರು ಹೋಗುವ ದಾರಿ ಕಟ್ಟಿದೆಯೇ, ವಯರು ಇಲಿ ಕಚ್ಚಿ ಟೇಪು ಸುತ್ತಿದೆಯೇ ನೋಡಿ. ತೋಟದ ಮನೆಯ ಶೆಡ್ಡಿನಲ್ಲಿ ನಿಂತ ಗಾಡಿಗೆ ಇಲಿ ಬಹಳ ದೊಡ್ಡ ಶತ್ರು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. 30,000 ಕಿ.ಮೀ. ಮಾತ್ರ ಓಡಿದೆ ಎನ್ನುವ ಗಾಡಿಗೆ ಎರಡನೇ ಸೆಟ್ ಟೈರು ಬಂದಿದ್ದರೆ ಮೀಟರಿನ ಬಗ್ಗೆ ಕೇಳಬೇಕು. ಪೆಡಲಿನ ರಬ್ಬರು, ಸ್ಟೀರಿಂಗಿನ ಹೊಳಪು, ಡ್ರೈವರ್ ಸೀಟಿನ ಅಂಚು ಮೀಟರಿಗಿಂತ ನಿಜ ಹೇಳುತ್ತವೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ್ದರೆ ಹಿಂದಿನ ದಾಖಲೆ ತೆಗೆಸಿ, ಪ್ರತಿ ಸರ್ವಿಸಿನಲ್ಲಿ ಓಡಿದ ಕಿ.ಮೀ. ಬರೆದಿರುತ್ತಾರೆ. ಡೀಸೆಲ್ ಗಾಡಿಯಾದರೆ ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಬಂದ, ಹೊಗೆಯ ಮಿತಿ ಬಿಗಿ ಮಾಡಿದ ಬಿಎಸ್‌6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಗಾಡಿ ಆಗಾಗ ದೂರ ಓಡಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು, ಪೇಟೆಗೆ ಹೋಗಿ ಬರುವ ಮನೆಗೆ ಪೆಟ್ರೋಲೇ ಸರಿ.

ಕಾಗದ ಪತ್ರ

ಗಾಡಿಗಿಂತ ಕಾಗದ ಹೆಚ್ಚು ಕಾಡಿಸುತ್ತದೆ, ಇದು ನನ್ನ ಅನುಭವ. ನಾನು ಮೊದಲ ಸಲ ಹಳೇ ಕಾರು ಕೊಂಡಾಗ ಮಾರಿದವರು "ಸಾಲ ಎಲ್ಲಾ ತೀರಿದೆ" ಎಂದರು, ತೀರಿತ್ತು ಕೂಡ. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಎಚ್‌ಪಿ ಹಾಗೇ ಇತ್ತು. ಅವರ ಹತ್ತಿರವಿದ್ದ ಬ್ಯಾಂಕಿನ ಎನ್‌ಒಸಿ (ಸಾಲ ತೀರಿದೆ, ಅಡ್ಡಿಯಿಲ್ಲ ಎಂಬ ಪತ್ರ) ಹಳತಾಗಿತ್ತು. ಮತ್ತೆ ಬರೆಸಿ ತರಲು ಅವರು ದಿನ ದೂಡಿದರು. ದುಡ್ಡು ಪೂರ್ತಿ ಕೊಟ್ಟಾಗಿತ್ತು, ನನ್ನ ಮಾತಿಗೆ ತೂಕ ಉಳಿದಿರಲಿಲ್ಲ. ಐದು ತಿಂಗಳು ಬೇರೆಯವರ ಹೆಸರಿನ ಗಾಡಿ ಓಡಿಸಿದೆ, ಪ್ರತಿ ಚೆಕ್‌ಪೋಸ್ಟಿನಲ್ಲೂ ಎದೆ ಹೊಡೆದುಕೊಳ್ಳುತ್ತಿತ್ತು. ಅಂದಿನಿಂದ ಯಾರೇ ಕೇಳಿದರೂ ಹೇಳುವುದು ಇದನ್ನೇ: ಹೆಸರು ಬದಲಾಗುವ ತನಕ ಒಂದಷ್ಟು ದುಡ್ಡು ಕೈಯಲ್ಲಿ ಹಿಡಿದಿಟ್ಟುಕೊಳ್ಳಿ, ಮತ್ತು ಅದನ್ನು ಕರಾರಿನಲ್ಲಿ ಬರೆಸಿ.

ಮುಂಗಡ ಕೊಡುವ ಮುಂಚೆ ಸರ್ಕಾರದ ಪರಿವಾಹನ್ ತಾಣದಲ್ಲೋ ಎಂಪರಿವಾಹನ್ ಆ್ಯಪಿನಲ್ಲೋ ಗಾಡಿ ನಂಬರ್ ಹಾಕಿ. ನೋಂದಣಿ ಎಲ್ಲಿಯದು, ಯಾವ ವರ್ಷದ್ದು, ವಿಮೆ ಯಾವಾಗ ಮುಗಿಯುತ್ತದೆ, ಸಾಲವಿದೆಯೇ, ದಂಡ ಬಾಕಿಯಿದೆಯೇ ಎಂದು ಗೊತ್ತಾಗುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ ಗಾಡಿಗೆ ಫಾರಂ 35 ಹಾಗೂ ಬ್ಯಾಂಕಿನ ಎನ್‌ಒಸಿ. ಗಾಡಿ ರಾಜ್ಯದೊಳಗಿನದೇ ಆದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಹಾಸನದ ಕೆಎ 13, ಚಿಕ್ಕಮಗಳೂರಿನ ಕೆಎ 18, ಸಕಲೇಶಪುರದ ಕೆಎ 46 ಗಾಡಿಗಳಾದರೆ ಕೆಲಸ ಸಲೀಸು. ಡೀಲರ್ ಕೈಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರುವ ಡೀಲರುಗಳಿಗೆ ಆರ್‌ಟಿಒ ಅಧಿಕಾರಪತ್ರ ಬೇಕೆಂಬ ನಿಯಮ ಬಂದಿದೆ, ಅದನ್ನು ತೋರಿಸಲು ಕೇಳಿ.

ದೆಹಲಿ ಗಾಡಿಯ ವಿಷಯ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಹೇರಿದ್ದರಿಂದ ಆ ವಯಸ್ಸಿನ ಹತ್ತಿರದ ಗಾಡಿಗಳು ದಕ್ಷಿಣಕ್ಕೆ ಅಗ್ಗವಾಗಿ ಬರತೊಡಗಿದವು. ಬೆಲೆ ನೋಡಿ ಮರುಳಾಗಬೇಡಿ. ಹೊರರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರುವುದಾದರೆ ಮರುನೋಂದಣಿ ಆಗಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆ ನಮ್ಮಲ್ಲಿ ಸಣ್ಣದಲ್ಲ. ಅದನ್ನು ಕೂಡಿದ ಮೇಲೂ ಅಗ್ಗವೇ ಎಂದು ನೋಡಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿಮೂರು ವರ್ಷದ ಗಾಡಿ ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಿಮೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಗಾಡಿ ಕೈ ಬದಲಾದಾಗ ಮೂರನೇ ವ್ಯಕ್ತಿಯ ವಿಮೆ ತಾನಾಗಿಯೇ ಮುಂದುವರಿಯುತ್ತದೆ, ಆದರೆ ನಿಮ್ಮ ಗಾಡಿಯ ಹಾನಿ ತುಂಬಿಕೊಡುವ ಭಾಗ ಹಾಗಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೇಮ್ ಮಾಡದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಶೇ. 50ರವರೆಗೂ ಇರಬಹುದು, ಅದು ಮಾಲೀಕರದ್ದೇ ಹೊರತು ಗಾಡಿಯದ್ದಲ್ಲ. ಮಾರಿದವರ ಜೊತೆ ಹೋಗುತ್ತದೆ. ಆದ್ದರಿಂದ ಅವರು ಕಟ್ಟುತ್ತಿದ್ದ ಪ್ರೀಮಿಯಂ ನೋಡಿ ನಿಮ್ಮದೂ ಅಷ್ಟೇ ಎಂದುಕೊಳ್ಳಬೇಡಿ.

ತಂಗಿಯ ಮನೆಯ ಲೆಕ್ಕ ಹೀಗೆ ನಿಂತಿತು. ಅವಳು ದಿನಾ ಹಳೇಬೀಡಿನ ಶಾಲೆಗೆ ಹೋಗಿ ಬರಲು 32 ಕಿ.ಮೀ., ಮಾವನವರನ್ನು ತಿಂಗಳಿಗೆರಡು ಸಲ ಹಾಸನಕ್ಕೆ ತೋರಿಸಲು ಕರೆದುಕೊಂಡು ಹೋಗುವುದು, ವಾರಕ್ಕೊಮ್ಮೆ ಅರೇಹಳ್ಳಿ ಕಡೆಯ ತೋಟ. ಕಿಲೋಮೀಟರಿನ ಮಿತಿ ದಾಟುತ್ತಿರಲಿಲ್ಲ. ಆದರೆ ತೋಟದ ದಾರಿ, ವರ್ಷಕ್ಕೊಮ್ಮೆ ಬರುವ ರೋಬಸ್ಟಾ ದುಡ್ಡು, ಹತ್ತು ವರ್ಷವಾದರೂ ಅಲ್ಲೇ ಇರುವ ಮನೆ ಮೂರೂ ಕೊಳ್ಳು ಎಂದವು. ಏಪ್ರಿಲ್‌ವರೆಗೆ ಕಾದು, ಎರಡು ಗಾಡಿ ಬಿಟ್ಟು ಮೂರನೆಯದನ್ನು ಕೊಂಡರು. ಕೆಎ 13ರ ಗಾಡಿ, ಒಬ್ಬರೇ ಮಾಲೀಕರು, ಎಚ್‌ಪಿ ಇರಲಿಲ್ಲ. 20,000 ರೂಪಾಯಿ ಹಿಡಿದಿಟ್ಟುಕೊಂಡು, ಹೊಸ ಆರ್‌ಸಿ ಬಂದ ದಿನ ಕೊಟ್ಟರು. ಮಾವನವರಿಗೆ ಮಂಡಿ ನೋವು. ಗಾಡಿ ಆರಿಸುವಾಗ ಅವರನ್ನೇ ಹತ್ತಿ ಇಳಿಯಲು ಹೇಳಿ, ಸೀಟು ಎತ್ತರವಿದ್ದದ್ದನ್ನು ತೆಗೆದುಕೊಂಡಿದ್ದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ.

ತಮ್ಮನಿಗೆ ಎರಡು ವರ್ಷದೊಳಗೆ ಹೊರರಾಜ್ಯಕ್ಕೆ ವರ್ಗವಾಗುವುದು ಹೆಚ್ಚುಕಡಿಮೆ ಖಚಿತ. ವರ್ಗಾವಣೆಯ ನೌಕರರಿಗೆಂದು 2021ರಲ್ಲಿ ಬಂದ, ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ ಸರಣಿಯ ನಂಬರನ್ನೂ ಅವನು ನೋಡಿದ. ಸರ್ಕಾರಿ ಬ್ಯಾಂಕಿನವನಾದ್ದರಿಂದ ಅರ್ಹತೆಯಿತ್ತು, ತೆರಿಗೆಯೂ ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ಆದರೆ ಗಾಡಿಯನ್ನೇ ಹೊತ್ತು ತಿರುಗುವ ಮನಸ್ಸು ಅವನಿಗಿರಲಿಲ್ಲ. ಸರ್ವಿಸ್ ಸೆಂಟರ್ ಚಿಕ್ಕಮಗಳೂರಿನಲ್ಲೇ ಇರುವ ಮಾಡೆಲ್ ಆರಿಸಿ, ಎರಡು ವರ್ಷದ ಲೀಸಿಗೆ ಸಹಿ ಹಾಕಿ, ಬೆಂಗಳೂರಿನಿಂದ ತಾನೇ ಓಡಿಸಿಕೊಂಡು ಬಂದ. ಕಪ್ಪು ಹಲಗೆ, ಹಳದಿ ಅಕ್ಷರ. ಮೊನ್ನೆ ಕೈಮರದ ಹತ್ತಿರ ಒಬ್ಬರು ಇದು ಯಾವ ಟ್ಯಾಕ್ಸಿ ಎಂದು ಕೇಳಿದರಂತೆ. ನಮ್ಮ ತೋಟಕ್ಕೆ ಬರುವಾಗ ಅವನು ಆ ಗಾಡಿಯನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿ, ಅರ್ಧ ಮೈಲಿ ನಡೆದು ಬರುತ್ತಾನೆ.